ಮೂವತ್ತೈದು ಮಿಲಿಮೀಟರ್

ಭಾನುವಾರ. ಲಕ್ಕಸಂದ್ರದ ಕೊನೆಯ ಅಡ್ಡರಸ್ತೆ.
ಚರ್ಚಿನಿಂದ ನೇರ ಬಂದ ಆರೋಕ್ಯದಾಸ್
ಬಿಳಿ ಅಂಗಿ ಮೊಳೆಗೆ ತೂಗಿ
ಗ್ರೀಸಿನ ಬನಿಯನ್ನಿಗೆ ಇಳಿದ.
ನಾನು ಡಬ್ಬ ತೆರೆದೆ:
ನಾಲ್ಕು ಸ್ಪ್ರಿಂಗು, ಶಾಯಿ ನೀಲಿ,
ಯಾವುದೋ ರಾಕ್ಷಸಿಯ ಕಡಗಗಳ ಹಾಗೆ.
ಮೇಯೋ ಹಾಲ್ ಕೋರ್ಟಿನಲ್ಲಿ
ಊರಿನವರ ಜಗಳ ಬೆರಳಚ್ಚಿಸಿದ
ಐದು ತಿಂಗಳ ಉಳಿತಾಯ.

"ಯಾಕೆ ಮೇಡಂ ಇಳಿಸೋದು?" ತಬ್ರೇಜ್ ಕೇಳಿದ.
"ಈ ಊರಲ್ಲಿ ಎಲ್ಲಾರೂ ಏರಿಸ್ತಾರೆ."

ನಿಜ. ಮನೆ ಮೇಲೆ ಮನೆ, ರಸ್ತೆ ಮೇಲೆ ರಸ್ತೆ,
ಅದರ ಮೇಲೆ ರೈಲು.
ಡಾಂಬರಿನ ಮೇಲೆ ಡಾಂಬರು ಸುರಿದು
ನಮ್ಮ ಹೊಸ್ತಿಲೇ ಹಳ್ಳವಾಗಿದೆ.
ಈ ಕಾರನ್ನೂ ಕಂಪನಿಯವರು
ಗುಂಡಿ ನೀರು ದಾಟುವವಳು ನೆರಿಗೆ ಎತ್ತಿ ಹಿಡಿದಂತೆ
ಎತ್ತಿಯೇ ಕಳಿಸಿದ್ದು:
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು.

ನಾನು ನಾಲ್ಕು ಅಡಿ ಹನ್ನೊಂದು.
ಪ್ರಾರ್ಥನೆಯ ಸಾಲಿಗೆ ಮೊದಲು,
ಗ್ರೂಪ್ ಫೋಟೋಗೆ ಕುಕ್ಕರುಗಾಲು,
ಹೆಣ್ಣು ನೋಡಲು ಬಂದವರೆದುರು ಚಿಕ್ಕಮ್ಮನ ಹೀಲ್ಸು.
ಒಂದನ್ನಾದರೂ
ದುಡ್ಡು ಕೊಟ್ಟು, ಬೇಕೆಂದೇ
ಕುಳ್ಳಗೆ ಮಾಡುವ ಸುಖ
ಆ ಹುಡುಗನಿಗೆ ಹೇಗೆ ಹೇಳಲಿ?
"ತಿರುವಿನಲ್ಲಿ ವಾಲಲ್ಲ ಕಣೋ," ಎಂದೆ.
ಅದೂ ಸುಳ್ಳಲ್ಲ.

ಹಿಂದಿನ ಎಡಗಡೆ ಬೋಲ್ಟು ಹನ್ನೊಂದು ವರ್ಷದಿಂದ ಅಲುಗಿರಲಿಲ್ಲ.
ಎಣ್ಣೆ ಬಿಟ್ಟರು, ಕಾಸಿದರು, ಪಾನಿಗೆ ಪೈಪು ತೊಡಿಸಿ ತುಳಿದರು.
ಬೆಳಿಗ್ಗೆಯಷ್ಟೇ ಪೂಸೆ ಮುಗಿಸಿದ ಬಾಯಲ್ಲಿ
ದಾಸ್ ಒಂದು ಮಾತು ಆಡಿದ.
ಬೋಲ್ಟು ಬಿಟ್ಟುಕೊಂಡಿತು.

ಆಮೇಲೆ, "ಎಲ್ಲಾ ದೂರ ನಿಲ್ಲಿ."
ಎರಡು ಉಕ್ಕಿನ ಕೊಕ್ಕೆಗಳ ನಡುವೆ ಹಳೆ ಸ್ಪ್ರಿಂಗು.
ಒಂದು ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ,
ಸುರುಳಿ ಸುರುಳಿಗೆ ಹತ್ತಿರವಾಗಿ, ಉಸಿರಿಗೂ ಸಂದಿಲ್ಲದೆ.
ರೇಡಿಯೋ ಆರಿಸಿದ್ದರು.
ಕಟಕಟೆಯಲ್ಲಿ ಹೀಗೆ ನಿಂತ ಹೆಂಗಸರನ್ನು ಕಂಡಿದ್ದೇನೆ.
ವಕೀಲ ಇನ್ನೊಂದು ಸುತ್ತು ತಿರುಗಿಸುತ್ತಾನೆ.
ಅವರು ಮಾತಾಡುವುದಿಲ್ಲ.
ಅದಕ್ಕೆ ನನ್ನ ಶಾರ್ಟ್‌ಹ್ಯಾಂಡಿನಲ್ಲಿ ಗುರುತಿಲ್ಲ,
ಪೆನ್ಸಿಲು ಕಾಗದದ ಮೇಲೆ ಸುಮ್ಮನೆ ಕಾಯುತ್ತದೆ.

ಬಂಪ್‌ಸ್ಟಾಪನ್ನು ಬದನೆಕಾಯಿಯಂತೆ ಅಂಗುಲ ಕೊಯ್ದು
ದಾಸ್ ಎದ್ದ, ಎದ್ದು ಮುಗಿಯಲು ಹೊತ್ತು ಹಿಡಿಯಿತು.
"ಮೂವತ್ತು ವರ್ಷ ಬಗ್ಗಿ ನಂದೂ ಒಂದಿಂಚು ಇಳಿದಿದೆ.
ಅದಕ್ಕೆ ಯಾರಿಗೆ ಬಿಲ್ ಹಾಕಲಿ?"
ನಡುವಿಗೆ ಕಟ್ಟಿದ ಬೆಲ್ಟು ತೋರಿಸಿ ನಕ್ಕ.
ನಾನು ನಗಲಿಲ್ಲ, ಅವನಿಗದು ಸರಿಬರಲಿಲ್ಲ.

ಜಾಕು ಇಳಿಯಿತು. ಕಾರು
ಇದ್ದಷ್ಟೇ ಎತ್ತರ!
"ಕೂರಬೇಕು ಮೇಡಂ. ಇಡ್ಲಿ ಹಿಟ್ಟು ರಾತ್ರಿ ಏರುತ್ತೆ,
ಇದು ಇಳಿಯುತ್ತೆ. ಅಷ್ಟೇ."
ಹಳೆಯವನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಗೆ ಹಾಕಿದ:
"ಮಾರೋವಾಗ ಬೇಕಾಗುತ್ತೆ."

ಲಿಂಗರಾಜಪುರದವರೆಗೆ ಹದಿನೇಳು ಹಂಪು.
ಇಷ್ಟು ವರ್ಷ ಎಣಿಸಿರಲಿಲ್ಲ.
ಒಂದೊಂದಕ್ಕೂ ಓರೆಯಾಗಿ, ಒಂದೊಂದೇ ಚಕ್ರ,
ಡಿಕ್ಕಿಯಲ್ಲಿ ಹಳೆ ಸ್ಪ್ರಿಂಗುಗಳ ಗೊಣಗಾಟ,
ಹಿಂದೆ ಹಾರನ್ನು.
"ಏನಮ್ಮಾ, ಗಾಡಿಗೆ ಹೆರಿಗೆ ನೋವಾ?" ಆಟೋದವನು.
ಹನ್ನೊಂದನೆಯದು, ರಾತ್ರೋರಾತ್ರಿ ಯಾರೋ ಕಟ್ಟಿದ್ದು,
ಬಣ್ಣವಿಲ್ಲದ್ದು,
ಹೊಟ್ಟೆಗೆ ಗರ್ರೆಂದು ಗೀರಿತು.
ನನ್ನ ಪಕ್ಕೆಯನ್ನು ಮುಟ್ಟಿ ನೋಡಿಕೊಂಡೆ.

ಆದರೆ ಹೆಣ್ಣೂರು ಫ್ಲೈಓವರಿನ ಬಾಗಿನಲ್ಲಿ
ಎರಡೇ ಎರಡು ಗಳಿಗೆ
ರಸ್ತೆ ನನ್ನ ಅಂಗೈಯಲ್ಲಿತ್ತು.

ಬೆಳಿಗ್ಗೆ ಹಾಲಿಗೆ ಹೊರಟಾಗ ಬೆರಳಿಟ್ಟು ಅಳೆದೆ.
ಎರಡೇ ಬೆರಳು.
ಅಭ್ಯಾಸಬಲದಿಂದ ಹಿಮ್ಮಡಿ ಎತ್ತಿದೆ
(ಹೌದು, ತುದಿಗಾಲಲ್ಲೇ, ಇನ್ನೂ),
ನನ್ನದೇ ಕಾರಿನ ನೆತ್ತಿಯಾಚೆ
ಮೊದಲ ಸಲ ಕಂಡಿತು:
ಎದುರಿನ ಗೋಡೆ,
ಗೋಡೆಯ ಮೇಲೆ 'ಇಲ್ಲಿ ಕಸ ಹಾಕಬಾರದು',
ಕಸ,
ಕಸಕ್ಕೆ ಬೆನ್ನು ಕೊಟ್ಟು ಮಲಗಿದ ಬಿಳಿ ನಾಯಿ,
ಒಂದು ಕಣ್ಣು ತೆರೆದು
ನನ್ನನ್ನು ಅಳೆಯುತ್ತ.